ಕಾಕಾನ ಹಿನ್ನೆಲೆಯೊಳಗೊಂದು ಆನೆ

ನಮ್ಮ ಕಾಕಾ ಹುಟ್ಟಿದ್ದು ಒಂದೇ ಸಲ. ಅದಕ್ಕೆ ನಮ್ಮಜ್ಜಿಯೇ ಸಾಕ್ಷಿ. ಆದರೆ ಬಾಳಿದ್ದು ಮಾತ್ರ ಐದಾರು ಜನ್ಮ! ನಂಬಿಕೆ ಬಾರದಿದ್ದರೆ ತೆಲಸಂಗದವರನ್ನು ಕೇಳಿ ನೋಡಿ. ಕಾಕಾ ಸೈನ್ಯದ ಬ್ಯಾಂಡಿನಲ್ಲಿದ್ದವನಂತೆ, ಹಿಮದ ಗುಡ್ಡದ ಮೇಲೆ ಊದುವಾಗ ತುತ್ತೂರಿ ತುಟಿಗೆ ಅಂಟಿಕೊಂಡುಬಿಟ್ಟಿತಂತೆ, ಮೂರು ಜನ ಸಿಪಾಯಿಗಳು ಹಿಡಿದೆಳೆದು ಬಿಡಿಸಿದರಂತೆ, ಮೇಲ್ದುಟಿಯ ಕಲೆ ಆವತ್ತಿನದಂತೆ. ಪಾಲಬಾವಿಯವರನ್ನು ಕೇಳಿದರೆ ಅವನು ಸರ್ಕಸ್ಸಿನ ಬ್ಯಾಂಡ್ ಮಾಸ್ತರ, ಆನೆ ಅವನ ಕೈ ನೋಡಿಯೇ ಹೆಜ್ಜೆ ಇಡುತ್ತಿತ್ತು. ಕಾಗವಾಡದವರ ಪ್ರಕಾರ ಮಿರಜದಲ್ಲಿ ಸಿತಾರ ಮಾಡುವವರ ಮನೆಯಲ್ಲಿ ಹನ್ನೆರಡು ವರ್ಷ ಸೋರೆ ಬುರುಡೆ ಒಣಗಿಸಿದವನು. ರಾಯಬಾಗದವರಿಗೋ, ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರ. ಇವರಲ್ಲಿ ಸುಳ್ಳು ಹೇಳುವವರು ಯಾರು? ಯಾರೂ ಅಲ್ಲ ಬಿಡಿ. ಎಲ್ಲರಿಗೂ ಕಾಕಾನೇ ಸ್ವಂತ ಬಾಯಿಂದ, ಅವರವರ ಮನೆಯ ಚಹಾ ಕುಡಿಯುತ್ತ ಹೇಳಿದ್ದು.

ತುಟಿಯ ಕಲೆ ಎಮ್ಮೆಯ ಕರು ಒದ್ದದ್ದು. ಇದು ಕಾಕುವಿನ ಹೇಳಿಕೆ. ಕಾಕು ಎಂದರೆ ಕಾಕಾನ ಹೆಂಡತಿ, ಕೊಲ್ಹಾಪುರದ ಕಡೆಯವಳು. ಗಂಡ ಆನೆಯ ಕಥೆ ಶುರು ಮಾಡಿದನೆಂದರೆ ಒಳಗಿನಿಂದಲೇ ಕೇಳುತ್ತಾಳೆ: "ಅಹೋ, ಆನಿಗೆ ಮೇವ ಹಾಕಿ ಬಂದ್ರೇನು?"

ಹಾಗಾದರೆ ಖರೆ ಏನು? ಖರೆ ಒಂದೇ ಸಾಲಿನದು. ಕಾಕಾ ಮೂವತ್ತೊಂದು ವರ್ಷ ನಮ್ಮ ಕಡೆಯ ಒಂದು ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕುಳಿತು ಬಸ್ಸುಗಳ ಹೆಸರು ಕೂಗುತ್ತಿದ್ದ. ಯಾವ ಬಸ್ ಸ್ಟ್ಯಾಂಡೆಂದು ಬರೆದರೆ ಕಾಕಾ ನನ್ನೊಡನೆ ಮಾತು ಬಿಡುತ್ತಾನೆ, ಆದ್ದರಿಂದ ಬರೆಯುವುದಿಲ್ಲ. ಜಾಳಿಗೆಯ ಕಿಟಕಿಯ ಹಿಂದೆ, ಒಂದು ಕುರ್ಚಿ ಹಿಡಿಸುವಷ್ಟು ಕೋಣೆ. ಸುತ್ತಲಿನ ನಾಲ್ಕೈದು ತಾಲ್ಲೂಕಿನ ಜನಕ್ಕೆ ಅವನ ದನಿ ಗೊತ್ತು, ಮುಖ ಒಬ್ಬರಿಗೂ ಗೊತ್ತಿಲ್ಲ. ಇಷ್ಟು ಅನುಕೂಲವಿದ್ದಾಗ ಮನುಷ್ಯ ಒಂದೇ ಹಿನ್ನೆಲೆಗೆ ಯಾಕೆ ತೃಪ್ತನಾಗಬೇಕು, ನೀವೇ ಹೇಳಿ!

ಆ ಕೋಣೆಯೊಳಗೆ ಕುಳಿತೇ ಕಾಕಾ ಸಂಗೀತಗಾರನಾದ. ಚಿಕ್ಕಂದಿನಲ್ಲಿ ಭಜನಿ ಮಂಡಳಿಯಲ್ಲಿ ಪೇಟಿ ಕಲಿತಿದ್ದ ಅನ್ನುವುದು ಬಿಟ್ಟರೆ ಬೇರೆ ಪಾಠವಿಲ್ಲ. ಆದರೆ ಕಿವಿಯೆಂದರೆ ಕಿವಿ! ಬಸ್ಸು ಇನ್ನೂ ತಿರುವಿನಲ್ಲಿ ಇರುವಾಗಲೇ ಹಾರ್ನ್ ಕೇಳಿ, "ಕಾಗವಾಡದ ಗಾಡಿ ಬಂತು, ಇವತ್ತ ಪಂಚಮ ಸ್ವಲ್ಪ ಇಳದೈತಿ, ಬ್ಯಾಟರಿ ನೋಡ್ರಿ" ಎನ್ನುತ್ತಿದ್ದನಂತೆ. ಬೆಳಿಗ್ಗೆ ಭೈರವ, ಸಂಜೆ ಯಮನ್. ಊರ ಹೆಸರುಗಳನ್ನು ರಾಗದಲ್ಲೇ ಕೂಗುವ ಚಟ. ಒಮ್ಮೆ ತೆಲಸಂಗದ ಹೆಸರನ್ನು ಅದೆಷ್ಟು ಎಳೆದೆಳೆದು ಹಾಡಿದನೆಂದರೆ, ಬಸ್ಸು ಬಂದು ಹೋಗಿಬಿಟ್ಟಿತು, ಪ್ರಯಾಣಿಕರು ಗಂಟು ಮಡಿಲಲ್ಲಿಟ್ಟುಕೊಂಡು ತಲೆದೂಗುತ್ತ ಅಲ್ಲೇ ಕುಳಿತಿದ್ದರು. ಮೇಲಿನವರು ಕರೆದು ಬೈದರು. ಕಾಕಾ ಮಾತ್ರ ಇವತ್ತಿಗೂ ಅದನ್ನು ತನ್ನ ಮೊದಲ ಕಚೇರಿ ಎಂದೇ ಲೆಕ್ಕ ಹಿಡಿದಿದ್ದಾನೆ.

ನಿವೃತ್ತಿಯಾದ ಮೇಲೆ ಅವನ ಕುರ್ಚಿಯಲ್ಲಿ ಒಂದು ಯಂತ್ರ ಬಂದು ಕುಳಿತಿತು. ಅದರಲ್ಲಿ ಒಬ್ಬ ಹೆಣ್ಣುಮಗಳ ದನಿ. ಕಾಕಾ ಆರು ತಿಂಗಳು ದಿನಾ ಹೋಗಿ ಸ್ಪೀಕರಿನ ಕೆಳಗೆ ನಿಂತು ಆಕೆಯನ್ನು ತಿದ್ದುತ್ತಿದ್ದ. "ತೆಲಸಂಗ ಅನ್ನೂದ ನೋಡ, ಊರಲ್ಲ, ಗುಳಗಿ ಹೆಸರ ಹೇಳಿದಂಗ ಹೇಳ್ತಾಳ!" ಎಂದು ಮನೆಗೆ ಬಂದು ಉರಿಯುತ್ತಿದ್ದ. ಕೊನೆಗೆ ಕಾಕು ತಲೆ ಮೇಲೆ ಕೈ ಹೊತ್ತು, "ಯಂತ್ರದ ಕೂಡ ಜಗಳಾಡ್ತೀರಲ್ರಿ, ಮಂದಿ ಏನಂದಾರು? ಮಕ್ಕಳಿಗೆ ಏನರ ಕಲಸ್ರಿ, ನಿಮ್ಮ ಮಾತ ಅವರ ಕೇಳ್ತಾರ" ಅಂದಳು. ನಮ್ಮ ವಾದ್ಯವೃಂದ ಹುಟ್ಟಿದ್ದು ಹೀಗೆ.

ಕಾಕಾ ಊರೂರು ತಿರುಗಿ ಮಕ್ಕಳನ್ನು ಕಲೆಹಾಕಿದ. ಒಂದೊಂದು ಊರಿನಿಂದ ಒಂದೊಂದು ವಾದ್ಯ ಬಂತು, ಯಾಕೆಂದರೆ ಒಂದು ಊರಿನ ಮಕ್ಕಳೆಲ್ಲ ಒಂದೇ ಮನೆಯ ಕಟ್ಟೆಯ ಮೇಲೆ ಕಲಿತವರು. ತೆಲಸಂಗದ ಹುಡುಗಿಯರದು ಕೊಳಲು. ಪಾಲಬಾವಿಯಲ್ಲಿ ಮದುವೆಯ ಬ್ಯಾಂಡ್ ಕಂಪನಿಯೊಂದು ಮುಚ್ಚಿತ್ತು, ಆ ಮನೆಗಳ ಮಕ್ಕಳು ಅಟ್ಟದಿಂದ ಟ್ರಂಪೆಟ್ ಇಳಿಸಿಕೊಂಡು ಬಂದರು. ಕೊಕಟನೂರದ್ದು ಹಲಗೆ ಮತ್ತು ಒಂದೇ ತಂತಿಯ ಚೌಡಿಕೆ, ಕಾಗವಾಡದ್ದು ವಾಯೊಲಿನ್, ರಾಯಬಾಗದ್ದು ಪೇಟಿ. ಒಟ್ಟು ಇಪ್ಪತ್ತಾರು ಮಕ್ಕಳು. ತಾಲೀಮು ಪ್ರತಿ ರವಿವಾರ ಚಿಕ್ಕೋಡಿಯಲ್ಲಿ, ನಾನು ಕನ್ನಡ ಕಲಿಸುವ ಶಾಲೆಯ ಹಾಲಿನಲ್ಲಿ. ಬೀಗದ ಕೈ ನನ್ನ ಹತ್ತಿರವಿತ್ತು ಅನ್ನುವ ಒಂದೇ ಕಾರಣಕ್ಕೆ ನಾನು ಕಾರ್ಯದರ್ಶಿಯಾದೆ.

ಬೇರೆ ಕಡೆ ನಿರ್ದೇಶಕರು ಕೋಲು ಎತ್ತಿದರೆ ವಾದ್ಯಗಳು ಏಳುತ್ತವೆ. ನಮ್ಮ ಕಾಕಾ ಕೈಯಲ್ಲಿ ಸುರುಳಿ ಸುತ್ತಿದ ಹಳೆಯ ಬಸ್ ವೇಳಾಪಟ್ಟಿ ಹಿಡಿದು ಬಾಯಿ ಎತ್ತುತ್ತಾನೆ. "ತೆಲಸಂಗ, ತೆಲಸಂಗ, ತೆಲಸಂಗ!" ಎಂದು ಮೂರು ಸಲ ಕೂಗಿದರೆ ಕೊಳಲು ಹೊರಡಬೇಕು. "ಪಾಲಬಾವಿ ತಡೀರಿ, ಮುಂದ ಗಾಡಿ ಐತಿ!" ಅಂದರೆ ಟ್ರಂಪೆಟ್ ಕಾಯಬೇಕು. "ವಯಾ ರಾಯಬಾಗ!" ಅಂದರೆ ರಾಗ ಪೇಟಿಯ ಮೇಲಿಂದ ಹಾದುಹೋಗಬೇಕು. ಲಯ ಜೋರಾಗಬೇಕಾದರೆ "ಎಕ್ಸ್‌ಪ್ರೆಸ್!" ನಿಧಾನವಾಗಬೇಕಾದರೆ "ಘಾಟ ಬಂತು, ಘಾಟ!" ಕೊನೆಯ ಸ್ವರ ಹಿಡಿದು ನಿಲ್ಲಬೇಕಾದರೆ "ವಸ್ತಿ!" ರಾತ್ರಿ ಊರಲ್ಲೇ ಉಳಿಯುವ ಬಸ್ಸಿಗೆ ನಮ್ಮಲ್ಲಿ ವಸ್ತಿ ಗಾಡಿ ಅನ್ನುತ್ತಾರಲ್ಲ, ಹಾಗೆ ಸ್ವರವೂ ಅಲ್ಲೇ ಬೀಡುಬಿಡಬೇಕು. ಕೊಕಟನೂರದ ಮಕ್ಕಳು ಮದುವೆಗೋ ಜ್ವರಕ್ಕೋ ತಪ್ಪಿಸಿಕೊಂಡ ದಿನ, "ಇವತ್ತ ಕೊಕಟನೂರ ರದ್ದ ಐತ್ರಿ, ಪ್ರಯಾಣಿಕರು ಸಹಕರಿಸಬೇಕು" ಎಂದು ಗಂಭೀರವಾಗಿ ಸಾರಿ ಹಲಗೆ ಇಲ್ಲದೆಯೇ ಮುಂದುವರಿಯುತ್ತಾನೆ.

ಪಾಲಕರು ಮೊದಲ ದಿನ ಇದನ್ನು ಕಂಡು ಮುಖ ಮುಖ ನೋಡಿಕೊಂಡರು. "ಇದ ಮುಂಬೈ ಪದ್ಧತಿರಿ" ಎಂದ ಕಾಕಾ. ಮುಂಬೈ ಅಂದ ಮೇಲೆ ಯಾರು ಏನು ಕೇಳುತ್ತಾರೆ?

ಆದರೆ ಒಮ್ಮೆ ಸಿಕ್ಕಿಬಿದ್ದ. ರಾಯಬಾಗದಲ್ಲಿ ಪೇಟಿ ಬಾರಿಸುವ ಹುಡುಗಿಯ ಅಕ್ಕನ ಮದುವೆ. ಎಲ್ಲ ಊರಿನ ಪಾಲಕರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತರು! ಹತ್ತು ಎಕರೆ ದ್ರಾಕ್ಷಿಯ ತೆಲಸಂಗದ ಗೌಡರು, "ನಮ್ಮ ಮಾಸ್ತರ್ ಮಿಲಿಟ್ರಿಯಾಗ ಇದ್ದವರು, ಅದಕ್ಕ ಅಷ್ಟ ಶಿಸ್ತ" ಅಂದರು. "ಮಿಲಿಟ್ರಿ ಎಲ್ಲಿದ್ರಿ? ಸರ್ಕಸ್!" ಅಂದರು ಪಾಲಬಾವಿಯವರು. ಕಾಗವಾಡದವರು ಮಿರಜ ತೆಗೆದರು, ರಾಯಬಾಗದವರು ನಾಟಕ ಕಂಪನಿ ತೆಗೆದರು. ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದ ಒಬ್ಬರು, "ಎಲ್ಲಾ ಕೂಡಿಸಿದ್ರ ಮಾಸ್ತರ್ ವಯಸ್ಸ ನೂರಾ ಎಂಟ ಆಕೈತಲ್ರಿ!" ಎಂದು ಕಾಕಾನ ಕಡೆ ತಿರುಗಿದರು.

ಕಾಕಾ ನಾಲ್ಕನೆಯ ಜಿಲೇಬಿಗೆ ಎಲೆ ತೋರಿಸುತ್ತ, "ಊಟದಾಗ ಭಾಳ ಪಥ್ಯ ಹಿಡೀತೀನ್ರಿ, ಅದಕ್ಕ ವಯಸ್ಸ ಕಾಣಂಗಿಲ್ಲ" ಅಂದ.

ನಗಬೇಡಿ. ಅಂದರೆ, ನಕ್ಕರೂ ಒಂದು ಮಾತು ಕೇಳಿ. ಕಾಕಾ ಮೊದಲಿನಿಂದಲೂ ಸುಳ್ಳನಲ್ಲ. ವಾದ್ಯವೃಂದ ಕಟ್ಟಲು ಹೊರಟ ಹೊಸತರಲ್ಲಿ, ಮಕ್ಕಳು ಸೇರುವ ಮೊದಲೇ, ದೊಡ್ಡ ಊರಿನ ಒಂದು ಸಂಗೀತ ಸಭೆಗೆ ನಾವಿಬ್ಬರೂ ಹೋಗಿದ್ದೆವು. ಜರಿ ಶಾಲು ಹೊದ್ದ ಒಬ್ಬರು, "ತಮ್ಮ ಹಿನ್ನೆಲೆ?" ಎಂದು ಕೇಳಿದರು. ಕಾಕಾ ಖುಷಿಯಿಂದಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ಪಕ್ಕದವರ ಕಡೆ ಕಣ್ಣು ಮಿಟುಕಿಸಿ, "ಹಾಗಾದರೆ ಚಿಕ್ಕೋಡಿಯ ಬಸ್ಸು ಎಷ್ಟಕ್ಕಿದೆ ಹೇಳಿ ನೋಡೋಣ!" ಅಂದರು. ಸುತ್ತಲಿನ ಎಂಟು ಹತ್ತು ಜನ ಘೊಳ್ಳೆಂದು ನಕ್ಕರು. ಕಾಕಾನೂ ನಕ್ಕ. ನಕ್ಕು, "ಐದ ಇಪ್ಪತ್ತಕ್ಕ ಐತ್ರಿ, ಎರಡನೆ ಪ್ಲ್ಯಾಟ್‌ಫಾರ್ಮ್" ಎಂದು ಸರಿಯಾದ ವೇಳೆಯನ್ನೇ ಹೇಳಿದ. ನಾನು ಅವನ ಕೈ ಹಿಡಿದು ಹೊರಗೆ ಕರೆತಂದೆ. ಐದು ಇಪ್ಪತ್ತರ ಅದೇ ಬಸ್ಸಿನಲ್ಲಿ ನಾವು ಹಿಂದಿರುಗುವಾಗ ಪಕ್ಕದ ಸೀಟಿನವರು ಕಾಕಾನನ್ನು ಏನು ಮಾಡಿಕೊಂಡಿದ್ದೀರೆಂದು ಕೇಳಿದರು. ಕಾಕಾ ಕಿಟಕಿಯ ಹೊರಗೆ ನೋಡುತ್ತ, "ಮಿಲಿಟ್ರಿ ಬ್ಯಾಂಡಿನ್ಯಾಗ ಇದ್ನಿರಿ" ಅಂದ. ಸೈನ್ಯ ಹುಟ್ಟಿದ್ದು ಅಲ್ಲಿ. ಆನೆ, ಬುರುಡೆ, ನಾಟಕ ಕಂಪನಿ ಎಲ್ಲ ಅದರ ಬೆನ್ನಿಗೆ ಬಂದವು. ಅಂದಿನಿಂದ ನಾನು ಅವನ ಯಾವ ಸುಳ್ಳಿಗೂ ಅಡ್ಡ ಬಂದಿಲ್ಲ.

ಹೀಗಿರುವಾಗ ಹೋದ ವರ್ಷ ನಿಪ್ಪಾಣಿಯಲ್ಲಿ ಮಕ್ಕಳ ವಾದ್ಯವೃಂದಗಳ ಸಮ್ಮೇಳನವೆಂದು ಕಾಗದ ಬಂತು. ಜೊತೆಗೊಂದು ಫಾರ್ಮು. ನಿರ್ದೇಶಕರ ಹೆಸರು, ಸಂಗೀತ ವಿದ್ಯಾರ್ಹತೆ, ಗುರುಗಳು, ವೃತ್ತಿ ಹಿನ್ನೆಲೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ: ವಿದ್ಯಾರ್ಹತೆ ಇಲ್ಲದವರು ವೃತ್ತಿ ಹಿನ್ನೆಲೆಯನ್ನು ಕಡ್ಡಾಯವಾಗಿ ಬರೆಯಬೇಕು, ಅದನ್ನು ನೋಡಿ ಒಪ್ಪಿಗೆ ಕೊಡಲಾಗುವುದು. ಒಪ್ಪಿಗೆ ಸಿಗದ ತಂಡವನ್ನು ಸಮ್ಮೇಳನದವರೇ ನೇಮಿಸಿದ ನಿರ್ದೇಶಕರು ವೇದಿಕೆಯ ಮೇಲೆ ನಡೆಸುವರು.

ಮಾದರಿಗೆಂದು ಹಿಂದಿನ ಸಮ್ಮೇಳನದ ಪುಸ್ತಿಕೆ ಕಳಿಸಿದ್ದರು. ನಾನು ಓದಿದೆ, ಕಾಕಾ ಕಣ್ಣು ಮುಚ್ಚಿ ಕೇಳಿದ. ಒಬ್ಬರು ವಿದೇಶದಲ್ಲಿ ಕಲಿತವರು. ಒಬ್ಬರಿಗೆ ಮೂರು ಪದವಿ, ಅವರ ತಂದೆಯೂ ನಿರ್ದೇಶಕರು, ಅಜ್ಜನೂ ನಿರ್ದೇಶಕರು. ಇನ್ನೊಬ್ಬರು ಏಳನೆಯ ವಯಸ್ಸಿನಲ್ಲೇ ವೇದಿಕೆ ಏರಿದವರು.

"ಏಳನೆ ವಯಸ್ಸಿನ್ಯಾಗ ನಾ ಏನ ಮಾಡ್ತಿದ್ನಿ?" ಕಾಕಾ ಕಣ್ಣು ತೆರೆದು ಕೇಳಿದ.

"ಎಮ್ಮಿ ಕಾಯ್ತಿದ್ರಿ" ಒಳಗಿನಿಂದ ಕಾಕು.

"ಗುರುಗಳು?" ನಾನು ಪೆನ್ನು ಹಿಡಿದೆ.

"ಭಾಳ ಮಂದಿ ಅದಾರ, ಜಾಗಾ ಸಾಲಂಗಿಲ್ಲ ಅಂತ ಬರಿ."

"ವೃತ್ತಿ ಹಿನ್ನೆಲೆ?"

"ಆನಿ ಬರಿ."

"ಕಾಕಾ, ಇದರ ಕೆಳಗ ನೀ ಸಹಿ ಮಾಡಬೇಕ. ಸುಳ್ಳಿಗೆ ಸಹಿ ಮಾಡ್ತೀಯೇನ?"

ಕಾಕಾ ಫಾರ್ಮನ್ನು ದೂರ ಸರಿಸಿದ. ಸುಳ್ಳು ಹೇಳುವುದು ಬೇರೆ, ಸಹಿ ಮಾಡುವುದು ಬೇರೆ. ಮೂವತ್ತೊಂದು ವರ್ಷ ಹಾಜರಿ ಪುಸ್ತಕದಲ್ಲಿ ಒಂದು ದಿನವೂ ತಪ್ಪು ವೇಳೆ ಬರೆದವನಲ್ಲ.

"ಖರೇದ ಬರೀಲೇನ ಕಾಕಾ? ಮೂವತ್ತೊಂದ ವರ್ಷದ ಅನುಭವ, ಒಪ್ಪಿದ್ರೂ ಒಪ್ಯಾರು."

"ಬ್ಯಾಡ ಮಗಳ. ಅದನ್ನ ಸ್ಟೇಜ್ ಮ್ಯಾಲ ಮೈಕಿನ್ಯಾಗ ಓದ್ತಾರ. ಹುಡುಗರು ಬಗಲಾಗ ವಾದ್ಯಾ ಹಿಡಕೊಂಡ ನಿಂತಿರ್ತಾವ. ಮಂದಿ ನಕ್ಕರ ನಾ ತಡ್ಕೊಂತೀನಿ, ಹುಡುಗರ ಮುಖಾ ನೋಡಾಕ ಆಗಂಗಿಲ್ಲ. ಖಾಲಿ ಬಿಡು."

ಖಾಲಿ ಬಿಟ್ಟೆ. ಉತ್ತರ ಹದಿನೈದು ದಿನಕ್ಕೆ ಬಂತು. ಹಿನ್ನೆಲೆ ನಮೂದಿಸದ ಕಾರಣ ಒಪ್ಪಿಗೆ ಇಲ್ಲ, ಮಕ್ಕಳು ಬರಬಹುದು, ನಿರ್ದೇಶಕರನ್ನು ಸಮ್ಮೇಳನವೇ ಒದಗಿಸುತ್ತದೆ. ಮೂರು ವರ್ಷ ಎದುರಿಗೆ ನಿಂತು ಕಲಿಸಿದವನು ತನ್ನ ಮಕ್ಕಳು ಬಾರಿಸುವಾಗ ಕುರ್ಚಿಯ ಮೇಲೆ ಕೂಡ್ರಬೇಕು! ನನ್ನ ಮೇಲೇ ನನಗೆ ಸಿಟ್ಟು ಬಂತು. ಅವನ ಮಾತು ಮೀರಿ ಆ ಒಂದು ಸಾಲು ಬರೆದುಬಿಡಬೇಕಿತ್ತು.

ಕಾಕಾ ನಾಲ್ಕು ದಿನ ಮಾತಾಡಲಿಲ್ಲ. ಕಾಕು ಹೆದರಿ ನನಗೆ ಫೋನ್ ಮಾಡಿ, "ಬೇ, ಆನಿ ಸುದ್ದಿನೂ ತಗೀವಲ್ರು" ಅಂದಳು. ಐದನೆಯ ದಿನ ರವಿವಾರ. ಕಾಕಾ ಹಾಲಿಗೆ ಬಂದ, ಕೈಯಲ್ಲಿ ತುಂಬಿದ ತಂಬಿಗೆ.

"ಇವತ್ತಿನಿಂದ ನಾ ಹೆಸರ ಕೂಗಂಗಿಲ್ಲ" ಎಂದ ಮಕ್ಕಳಿಗೆ. "ಅಲ್ಲಿ ಬರೂ ನಿರ್ದೇಶಕರಿಗೆ ನಮ್ಮ ಪದ್ಧತಿ ಗೊತ್ತಿರಂಗಿಲ್ಲ. ಕೋಲ ಎತ್ತತಾರ, ನೀವ ಹೊರಡಬೇಕ. ನನಗ ಚಟಾ ತಡಿಯಂಗಿಲ್ಲ, ಅದಕ್ಕ ಬಾಯಾಗ ನೀರ ಹಿಡಕೊಂತೀನಿ." ತಂಬಿಗೆ ಎತ್ತಿ ಬಾಯಿ ತುಂಬ ನೀರು ಹಾಕಿಕೊಂಡು, ಸುರುಳಿ ಎತ್ತಿದ.

ಒಂದು ಮಗುವೂ ಹೊರಡಲಿಲ್ಲ! ಕೊಳಲು ತುಟಿಗಿಟ್ಟವರು ಇಟ್ಟಂತೆ, ಕಮಾನು ಎತ್ತಿದವರು ಎತ್ತಿದಂತೆ. ತಮ್ಮ ಗಾಡಿಯ ಹೆಸರು ಕೂಗದೆ ಹೇಗೆ ಹತ್ತುವುದು? ಕಾಕಾ ಸುರುಳಿಯನ್ನು ಮತ್ತೆ ಬೀಸಿದ, ಮತ್ತೆ ಬೀಸಿದ. ಕೊನೆಗೆ ತಡೆಯದೆ "ತೆಲ" ಎಂದು ಬಾಯಿ ಬಿಟ್ಟೇಬಿಟ್ಟ. ಮುಂದಿನ ಸಾಲಿನ ಕಾಗವಾಡದ ವಾಯೊಲಿನ್‌ಗಳಿಗೆ ಜಲಾಭಿಷೇಕವಾಯಿತು. ಎರಡನೆಯ ರವಿವಾರ ಆ ಸಾಲಿನವರು ಕೊಡೆ ತಂದಿದ್ದರು.

ಐದು ರವಿವಾರ, ಐದು ತಂಬಿಗೆ. ಕೊನೆಯ ದಿನ ಕಾಕಾ ಹಾಲಿನ ಹಿಂದುಗಡೆ ಗೋಡೆಗೆ ಆತು ನಿಂತ. ನಾನು ಅಡಿಕೋಲು ಎತ್ತಿದೆ. ಸಂಗೀತದ ಗಂಧಗಾಳಿ ಇಲ್ಲದ ನಾನು! ಮಕ್ಕಳು ಸರಿಯಾಗಿ ಹೊರಟರು, ಸರಿಯಾಗಿ ಮುಟ್ಟಿದರು. ಕಾಕಾ ನೀರು ನುಂಗಿ, "ಆತು. ಇನ್ನ ನಾ ಇರದಿದ್ರೂ ನಡಿತೈತಿ" ಎಂದು ಟವೆಲಿನಿಂದ ಮುಖ ಒರೆಸಿಕೊಂಡ. ತಂಬಿಗೆಯ ನೀರು ಸಿಡಿಯಿತಂತೆ. ನಾನು ಹೂಂ ಅಂದೆ.

ಸಮ್ಮೇಳನದ ದಿನ ಸಭಾಂಗಣ ತುಂಬಿತ್ತು. ಕಾಕಾ, ಕಾಕು, ನಾನು ಮೊದಲ ಸಾಲಿನ ಮೂಲೆಯಲ್ಲಿ ಕುಳಿತೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ತೊಡೆಯ ಮೇಲೆ ವೇಳಾಪಟ್ಟಿಯ ಸುರುಳಿ, ಕಾಲ ಬಳಿ ತಂಬಿಗೆ. ನಿರ್ದೇಶಕಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಧಾರವಾಡದವಳು, ಪದವಿಗಳ ಪಟ್ಟಿ ಓದುವುದರಲ್ಲೇ ನಿರೂಪಕರಿಗೆ ಉಸಿರು ಕಟ್ಟಿತು. ನನಗೆ ಆಕೆಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಾಕಾನಿಗೆ ಬಗ್ಗಿ ನಮಸ್ಕಾರ ಮಾಡಿ ವೇದಿಕೆ ಹತ್ತಿದ್ದಳು.

ಕಾಕಾ ಬಾಯಿ ತುಂಬ ನೀರು ತುಂಬಿಕೊಂಡ. ಆಕೆ ಕೋಲು ಎತ್ತಿದಳು.

ಒಂದು ಕ್ಷಣ, ಎರಡು ಕ್ಷಣ. ಇಪ್ಪತ್ತಾರು ಮಕ್ಕಳೂ ಅಲುಗಾಡಲಿಲ್ಲ. ಮುಗಿಯಿತು, ಎಂದುಕೊಂಡೆ. ದೊಡ್ಡ ಸಭಾಂಗಣ, ದೊಡ್ಡ ದೀಪ, ಐದು ರವಿವಾರದ್ದೆಲ್ಲ ಮರೆತುಹೋಗಿದೆ. ಕಾಕಾನ ಕೆನ್ನೆಗಳು ಉಬ್ಬಿದ್ದವು, ಸುರುಳಿ ಅರ್ಧ ಮೇಲೆದ್ದಿತ್ತು.

ಆಗ ಅದು ಕೇಳಿಸಿತು. ಮೊದಲ ಸಾಲಿನಲ್ಲಿದ್ದವರಿಗಷ್ಟೇ ಕೇಳಿಸುವಷ್ಟು ಸಣ್ಣಗೆ, ಪಿಸುಗುಟ್ಟಿದ ಹಾಗೆ: "ತೆಲಸಂಗ, ತೆಲಸಂಗ, ತೆಲಸಂಗ." ಕೊಳಲಿನ ಹುಡುಗಿಯರ ತುಟಿಗಳು ಅಲ್ಲಾಡುತ್ತಿದ್ದವು. ಕಾಕಾನ ಧಾಟಿ, ಕಾಕಾ ಎಳೆಯುವಲ್ಲೇ ಎಳೆದು! ಮೂರನೆಯದು ಮುಗಿಯುತ್ತಲೇ ಕೊಳಲು ಹೊರಟವು. ಆಚೆ ಕಡೆ "ಪಾಲಬಾವಿ, ಪಾಲಬಾವಿ" ಎಂದು ಪಿಸುಗುಟ್ಟಿ ಟ್ರಂಪೆಟ್ ಎದ್ದವು. "ವಯಾ ರಾಯಬಾಗ" ಎಂದುಕೊಂಡು ಪೇಟಿ. ಶಾಲೆಯ ಹಾಲಿನ ಕೊನೆಯ ರವಿವಾರವೂ ಅವು ಹೀಗೇ ತಮ್ಮ ತಮ್ಮ ಹೆಸರು ತಾವೇ ಕೂಗಿಕೊಂಡಿದ್ದವು, ಗೋಡೆಯ ಬಳಿ ನಿಂತವನಿಗೂ, ಅಡಿಕೋಲಿನಲ್ಲೇ ಮುಳುಗಿದ್ದ ನನಗೂ ಕೇಳಿಸಿರಲಿಲ್ಲ ಅಷ್ಟೇ. ಕಾಕಾ ಬಾಯಿ ಮುಚ್ಚಿಕೊಂಡ ಮೇಲೆ ಇಪ್ಪತ್ತಾರು ಬಾಯಿಗಳು ಅವನ ಕೆಲಸ ವಹಿಸಿಕೊಂಡಿದ್ದವು.

ಕೊನೆಯಲ್ಲಿ ನಿರ್ದೇಶಕಿ ಕೈ ಇಳಿಸಿದಳು. ಮಕ್ಕಳು ನಿಲ್ಲಿಸಲಿಲ್ಲ! "ವಸ್ತಿ" ಎಂದುಕೊಂಡಿದ್ದರಲ್ಲ, ಕೊನೆಯ ಸ್ವರವನ್ನು ಹಿಡಿದು ಕುಳಿತೇಬಿಟ್ಟರು. ಆಕೆ ನಗುತ್ತ ಮತ್ತೆ ಕೈ ಎತ್ತಿ ಅವರು ಮುಗಿಸುವ ತನಕ ಕಾದಳು. ಕಾಕಾ ಗುಟುಕ್ ಎಂದು ನೀರು ನುಂಗಿದ. ನಾನು ಅತ್ತೆ, ಮುಚ್ಚಿಡುವುದೇನಿದೆ.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಆಕೆ ನೇರ ಇಳಿದು ಬಂದಳು. "ಸರ್, ಹೊರಡೋ ಮೊದಲ ಮಕ್ಕಳು ಏನೋ ಅಂತಾರಲ್ರಿ? ಒಬ್ಬರೂ ತಪ್ಪಲಿಲ್ಲ. ಇದು ಯಾವ ಪದ್ಧತಿ? ಎಲ್ಲಿ ಕಲಿತ್ರಿ?"

ಮಕ್ಕಳೂ ಬಂದು ಸುತ್ತ ನಿಂತಿದ್ದರು. ನಾನು ಆನೆಗಾಗಿ ಕಾದೆ. ಕಾಕು ಕೂಡ ಕಾದಳು. ಕಾಕಾ ಕೈಯಲ್ಲಿದ್ದ ಸುರುಳಿಯನ್ನು ಬಿಚ್ಚಿ ಆಕೆಗೆ ತೋರಿಸಿದ.

"ಬಸ್ ಸ್ಟ್ಯಾಂಡಿನ್ಯಾಗ ಹೆಸರ ಕೂಗಾಂವ ಇದ್ನಿರಿ. ಮೂವತ್ತೊಂದ ವರ್ಷ. ಅಲ್ಲೇ ಕಲ್ತದ್ದ."

ಯಾರೂ ನಗಲಿಲ್ಲ. ಆಕೆ ವೇಳಾಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. "ಇದನ್ನ ಫಾರ್ಮಿನಾಗ ಯಾಕ ಬರೀಲಿಲ್ರಿ?" ಎಂದಳು. ಉತ್ತರ ಕೊಟ್ಟವಳು ತೆಲಸಂಗದ ಸಣ್ಣ ಹುಡುಗಿ: "ಮಾಸ್ತರ್‌ಗೆ ನಾಚಿಕಿರಿ. ನಮಗೆಲ್ಲಾರಿಗೂ ಗೊತ್ತೈತ್ರಿ. ನಮ್ಮ ಅಮ್ಮ ದನಿ ಕೇಳಿದ ದಿನಾನ ಗುರ್ತಾ ಹಿಡಿದಿದ್ಲರಿ." ಮೊದಲ ದಿನದಿಂದಲೂ ಗೊತ್ತಿತ್ತಂತೆ! ಮೂರು ವರ್ಷ ಇಪ್ಪತ್ತಾರು ಮನೆಯವರು ಸೈನ್ಯ, ಸರ್ಕಸ್ಸು, ಬುರುಡೆ ಎಲ್ಲವನ್ನೂ ಚಹಾ ಕೊಟ್ಟು ಕೊಟ್ಟು ಕೇಳಿದ್ದರು, ನಮ್ಮ ಕಾಕಾನ ಮನಸ್ಸು ನೋಯಬಾರದೆಂದು. ಆ ಮದುವೆಯ ಪಂಕ್ತಿಯ ವಾದವೂ ನಾಟಕವೇ ಇದ್ದಿರಬೇಕು.

ಈ ವರ್ಷದ ಫಾರ್ಮು ನಿನ್ನೆ ಬಂತು. ನಾನು ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಕಾಕಾ ಹೇಳತೊಡಗಿದ. "ಬರಿ ಮಗಳ. ವೃತ್ತಿ ಹಿನ್ನೆಲೆ: ಬಸ್ ಸ್ಟ್ಯಾಂಡಿನ್ಯಾಗ ಊರ ಹೆಸರ ಕೂಗೂದ. ಮೂವತ್ತೊಂದ ವರ್ಷ. ದಪ್ಪ ಅಕ್ಷರದಾಗ ಬರಿ."

ದಪ್ಪ ಅಕ್ಷರದಲ್ಲೇ ಬರೆದೆ. ಕಾಕಾ ಸಹಿ ಮಾಡಿದ. ಒಳಗಿನಿಂದ ಕಾಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದು, ಫಾರ್ಮನ್ನು ಮೇಲಿಂದ ಕೆಳಗಿನವರೆಗೆ ನೋಡಿ ಅಂದಳು:

"ಕೆಳಗ ಜಾಗಾ ಐತಲ್ಲ ಬೇ, ಆನೀದೂ ಒಂದ ಸಾಲ ಬರಿ. ಪಾಪ, ಇಷ್ಟ ವರ್ಷ ಅದೂ ಭಾಳ ದುಡದೈತಿ."